ಇನ್ನೊಂದು ಬಸವನಹುಳು ಬಂದರೆ ನಾನು ಸುಮ್ಮನಿರುವುದಿಲ್ಲ

ನಿನ್ನೆ ಕಪಾಟು ತೆರೆದು ಎಣಿಸಿದೆ. ಬಸವನಹುಳುವಿನ ಲೋಳೆಯ ಕ್ರೀಮು ನಾಲ್ಕು ಡಬ್ಬಿ, ಅದೇ ಲೋಳೆಯ ಸೀರಮ್ ಎರಡು ಬಾಟಲಿ, ಅದೇ ಲೋಳೆಯಲ್ಲಿ ಅದ್ದಿದ, ಮುಖಕ್ಕೆ ಹೊದಿಸಿಕೊಳ್ಳುವ ಶೀಟ್ ಮಾಸ್ಕ್ 17. ಕಣ್ಣಿನ ಕೆಳಗೆ ಅಂಟಿಸಿಕೊಳ್ಳುವ ಜೆಲ್ ಪಟ್ಟಿಗಳ ಲೆಕ್ಕವನ್ನು ಅರ್ಧಕ್ಕೇ ಬಿಟ್ಟೆ. ಮಳೆಗಾಲದ ತೋಟದಲ್ಲೂ ಇಷ್ಟು ಬಸವನಹುಳು ಇರಲಿಕ್ಕಿಲ್ಲ. ಇವುಗಳಲ್ಲಿ ಒಂದನ್ನೂ ನಾನು ಕೇಳಿ ತರಿಸಿಕೊಂಡವಳಲ್ಲ. ಎಲ್ಲವೂ ಕೊರಿಯಾದಿಂದ ತಿಂಗಳಿಗೊಮ್ಮೆ ಬರುವ ಸೌಂದರ್ಯದ ಪೆಟ್ಟಿಗೆಯವರು 'ನಿಮಗಾಗಿಯೇ ಆರಿಸಿ' ಕಳಿಸಿದ್ದು.

ಎರಡೂವರೆ ವರ್ಷ ಚಂದಾ ಕಟ್ಟಿದ್ದೇನೆ. ಈ ವಾರ ನಿಲ್ಲಿಸಿದೆ. ಚಂದಾ ನಿಂತಿತು, ಸಿಟ್ಟು ನಿಂತಿಲ್ಲ.

ಒಂದು ಮಾತನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನನಗೆ ಆ ಪೆಟ್ಟಿಗೆಯ ಹುಚ್ಚು ಹಿಡಿದಿತ್ತು. ಮುಚ್ಚಳ ತೆಗೆದರೆ ಚರಚರ ಎನ್ನುವ ತೆಳು ಕಾಗದ, ಅದರಡಿ ಐದಾರು ಡಬ್ಬಿ, ಎಲ್ಲದರ ಮೇಲೆ ಮಡಿಸಿಟ್ಟ ಒಂದು ಕಾರ್ಡು. ನಿಜವಾಗಿ ನನ್ನ ಪ್ರೀತಿ ಇದ್ದದ್ದು ಆ ಕಾರ್ಡಿನ ಮೇಲೆ. ಕೊರಿಯನ್ ಅಕ್ಷರ ಒಂದೂ ಬಾರದ ನನಗೆ ಯಾವುದು ಟೋನರ್, ಯಾವುದು ಎಸೆನ್ಸ್, ಯಾವುದನ್ನು ಒರೆಸಿಕೊಳ್ಳಬೇಕು, ಯಾವುದನ್ನು ತಟ್ಟಿ ತಟ್ಟಿ ಇಂಗಿಸಬೇಕು ಎಂಬುದನ್ನೆಲ್ಲ ಯಾರೋ ಪುಣ್ಯಾತ್ಮರು ಕೂತು ಬರೆದಿರುತ್ತಿದ್ದರು. ಅಕ್ಕನೊಬ್ಬಳು ಪಕ್ಕದಲ್ಲಿ ಕೂತು ಹೇಳಿಕೊಟ್ಟಂತೆ ಇರುತ್ತಿತ್ತು. ಕುಷನ್ ಎಂಬ ಪದಾರ್ಥವನ್ನು, ಎಂದರೆ ಮುಖಕ್ಕೆ ಹಚ್ಚುವ ಮೈಬಣ್ಣದ ಫೌಂಡೇಷನ್ ಹೀರಿಕೊಂಡ ಸ್ಪಂಜಿನ ಡಬ್ಬಿಯನ್ನು, ನಾನು ಮೊದಲು ಕಂಡದ್ದು ಹಾಗೆಯೇ. 2008ರಲ್ಲಿ ಕೊರಿಯಾದ ಅಮೋರೆಪೆಸಿಫಿಕ್ ಕಂಪನಿ ಅದನ್ನು ಮಾರುಕಟ್ಟೆಗೆ ತಂದಿತು. ಪಾರ್ಕಿಂಗ್ ಚೀಟಿಗೆ ಒತ್ತುವ ಮೊಹರಿನ ಮೆತ್ತೆಯನ್ನು ನೋಡಿ ಹೊಳೆದ ಉಪಾಯವಂತೆ. ಶಾಯಿಯ ಜಾಗದಲ್ಲಿ ಫೌಂಡೇಷನ್, ಕಾಗದದ ಜಾಗದಲ್ಲಿ ಕೆನ್ನೆ. ಇದನ್ನು ಕಾರ್ಡಿನಲ್ಲಿ ಓದಿ ಎಷ್ಟು ಖುಷಿಪಟ್ಟಿದ್ದೆನೆಂದರೆ, ಸಿಕ್ಕಿದವರಿಗೆಲ್ಲ ಹೇಳಿ ಅವರ ತಲೆ ತಿಂದಿದ್ದೆ.

ಕಾರ್ಡು ಮೊದಲು ಸಣ್ಣದಾಯಿತು. ಆಮೇಲೆ ಅದರಲ್ಲಿ ಹೆಸರು ಮತ್ತು ಬೆಲೆ ಮಾತ್ರ ಉಳಿದವು. ಒಂದು ದಿನ ಕಾರ್ಡೇ ಇರಲಿಲ್ಲ. ಕೇಳಿದರೆ, ಪರಿಸರದ ಕಾಳಜಿಯಿಂದ ಕಾಗದವನ್ನು ಕಡಿಮೆ ಮಾಡಿದ್ದೇವೆ ಎಂಬ ಉತ್ತರ ಬಂತು. ಅದೇ ಪೆಟ್ಟಿಗೆಯಲ್ಲಿ ಕಿರುಬೆರಳಿನಷ್ಟು ತುಟಿಬಣ್ಣಕ್ಕೆ ಮೂರು ಸುತ್ತು ಗುಳ್ಳೆ ಪ್ಲಾಸ್ಟಿಕ್ ಸುತ್ತಿದ್ದರು. ಪರಿಸರ ಪಾಪ, ಅದಕ್ಕೆ ಎಲ್ಲರೂ ಸಾಲಗಾರರು.

ಅಲ್ಲಿಂದ ಮುಂದೆ ಎಲ್ಲವೂ ಇಳಿಜಾರು. ತಿಂಗಳಿಗೊಂದು ಬರುತ್ತಿದ್ದ ಪೆಟ್ಟಿಗೆಗೆ ಒಡಹುಟ್ಟಿದವರು ಹುಟ್ಟತೊಡಗಿದರು: ಕೂದಲಿನ ಪೆಟ್ಟಿಗೆ, ಪಾದದ ಪೆಟ್ಟಿಗೆ, ನಿದ್ದೆಗೆ ಮುಂಚಿನ ಪೆಟ್ಟಿಗೆ, ಮೂಗಿನ ಮೇಲಿನ ಕಪ್ಪುಚುಕ್ಕೆಗೆಂದೇ ಇನ್ನೊಂದು. ಒಂದೊಂದರ ಮೇಲೂ 'ಸೀಮಿತ ಸಂಖ್ಯೆ, ಇಂದೇ ಕೊನೆ' ಎಂಬ ಬೆದರಿಕೆ. ನಾಳೆ ಬೆಳಿಗ್ಗೆ ನೋಡಿದರೆ ಅದೇ ಪೆಟ್ಟಿಗೆ ಅಲ್ಲೇ ಕೂತಿರುತ್ತದೆ, ಈ ಬಾರಿ ಇನ್ನೆರಡನ್ನು ಜೊತೆಗೆ ಕಟ್ಟಿಕೊಂಡು. ಆ ಕಟ್ಟಿನಲ್ಲಿ ಬೇಕಾದದ್ದು ಒಂದು, ಬೇಡದ್ದು ಎರಡು. ಬೇಕಾದದ್ದನ್ನು ಮಾತ್ರ ಬಿಡಿಯಾಗಿ ಕೊಳ್ಳಲು ಹೋದರೆ 'ಮುಗಿದಿದೆ'.

ಬೆಲೆಯ ಲೆಕ್ಕವಂತೂ ಕಣ್ಣಿಗೆ ಮಣ್ಣೆರಚುವ ಕಲೆ. ನೀವು ಕೊಟ್ಟದ್ದು ಇಷ್ಟು, ಒಳಗಿರುವ ಸರಕಿನ ಮೌಲ್ಯ ಅದರ ಐದು ಪಟ್ಟು ಎಂದು ಪ್ರತಿ ಬಾರಿ ಹೇಳುತ್ತಾರೆ. ಈ ಐದು ಪಟ್ಟು ಎಲ್ಲಿಂದ ಬಂತು? ಡಬ್ಬಿಯ ಮೇಲೆ ಅಚ್ಚಾದ ಗ್ರಾಹಕ ಬೆಲೆಯಿಂದ. ಕೊರಿಯಾದಲ್ಲಿ ಆ ಬೆಲೆ ಕೊಟ್ಟು ಶೀಟ್ ಮಾಸ್ಕ್ ಕೊಂಡವರನ್ನು ಹುಡುಕಿ ತೋರಿಸಲಿ. ಸೋಲ್‌ನ ಮ್ಯೊಂಗ್‌ಡಾಂಗ್‌ನಂಥ ಅಂಗಡಿ ಬೀದಿಯಲ್ಲಿ ಒಂದು ಮಾಸ್ಕ್ 1,000 ವಾನ್ ಆಸುಪಾಸಿಗೆ, ಎಂದರೆ ಒಂದು ಡಾಲರಿಗೂ ಕಡಿಮೆಗೆ, ಸಿಗುತ್ತಿತ್ತು. ಹತ್ತು ಕೊಂಡರೆ ಹತ್ತು ಉಚಿತ ಎಂದು ಬಾಗಿಲಲ್ಲೇ ನಿಂತು ಕೂಗಿ ಕರೆಯುತ್ತಿದ್ದರು. ಒಂದಕ್ಕೊಂದು ಉಚಿತ ಎಂಬ ಫಲಕ ಅಲ್ಲಿನ ಅಂಗಡಿಗಳಲ್ಲಿ ವರ್ಷವಿಡೀ ನೇತಾಡುವ ತೋರಣ. ಅಂಥ ಮಾಸ್ಕಿಗೆ ನನ್ನ ಪೆಟ್ಟಿಗೆಯ ಲೆಕ್ಕದಲ್ಲಿ ಮೂರು ಡಾಲರ್ ಮೌಲ್ಯ. ಹೀಗೆ ಕೂಡಿಸುತ್ತ ಹೋದರೆ ನನ್ನ ಕಪಾಟಿನಲ್ಲಿರುವ ಆಸ್ತಿಗೆ ನಾನು ತೆರಿಗೆ ಕಟ್ಟಬೇಕಾಗುತ್ತದೆ.

ಇನ್ನು ಪೊಟ್ಟಣಗಳು. ಒಂದು ಮಿಲಿಲೀಟರ್ ಕ್ರೀಮು ಹಿಡಿಸುವ, ಹಲ್ಲಿನಿಂದ ಕಚ್ಚಿ ಹರಿಯಬೇಕಾದ ಪೊಟ್ಟಣಗಳು. ಅವುಗಳ ಹಿಂಬದಿಯಲ್ಲಿ 'ಬಿಮೆಪುಮ್' ಎಂದು ಸಣ್ಣದಾಗಿ ಕೊರಿಯನ್‌ನಲ್ಲಿ ಬರೆದಿರುತ್ತದೆ. ಮಾರಾಟಕ್ಕಲ್ಲ ಎಂದು ಅದರ ಅರ್ಥ. ಕೊರಿಯಾದ ಸೌಂದರ್ಯವರ್ಧಕಗಳ ಕಾಯ್ದೆ 2012ರಿಂದ ಇಂಥ ಮಾದರಿಗಳ ಮಾರಾಟವನ್ನೇ ನಿಷೇಧಿಸಿದೆ. ಪೆಟ್ಟಿಗೆಯವರನ್ನು ಕೇಳಿದರೆ ಅವು ಉಡುಗೊರೆ ಎನ್ನುತ್ತಾರೆ. ಸರಿ. ಆದರೆ 'ಒಳಗೆ ಎಂಟು ಉತ್ಪನ್ನಗಳು' ಎಂದು ಹೇಳುವಾಗ ಆ ಎಂಟರಲ್ಲಿ ಮೂರು ಈ ಪೊಟ್ಟಣಗಳೇ. ಉಡುಗೊರೆಯಾದರೆ ಲೆಕ್ಕಕ್ಕೆ ಹಿಡಿಯಬಾರದು, ಲೆಕ್ಕಕ್ಕೆ ಹಿಡಿದರೆ ಉಡುಗೊರೆ ಎನ್ನಬಾರದು. ಮೂಗಿಗೆ ತುಪ್ಪ ಸವರುವುದು ಎಂದರೆ ಇದೇ ಇರಬೇಕು. ಇಲ್ಲಿ ತುಪ್ಪವೂ ಒಂದು ಮಿಲಿಲೀಟರ್.

ಇಷ್ಟಾದರೂ ನಾನು ಸಹಿಸಿಕೊಂಡಿದ್ದೆ. ಕಣ್ಣು ತೆರೆಸಿದ್ದು ಒಂದು ಸನ್‌ಸ್ಕ್ರೀನ್ ಟ್ಯೂಬು.

2020ರ ಕೊನೆಯಲ್ಲಿ, ಎಸ್‌ಪಿಎಫ್ (ಬಿಸಿಲಿನಿಂದ ಕಾಪಾಡುವ ಶಕ್ತಿಯ ಅಂಕಿ) 50 ಎಂದು ಬರೆದುಕೊಂಡಿದ್ದ ಹೆಸರುವಾಸಿ ಕೊರಿಯನ್ ಸನ್‌ಸ್ಕ್ರೀನ್ ಒಂದು ಪ್ರಯೋಗಾಲಯದ ಪರೀಕ್ಷೆಯಲ್ಲಿ 19ರ ಆಸುಪಾಸಿಗೆ ಇಳಿದು ದೊಡ್ಡ ಗಲಾಟೆಯಾಗಿತ್ತಲ್ಲ, ಅದನ್ನು ಓದಿದ ಮೇಲೆ ಯಾವ ಸನ್‌ಸ್ಕ್ರೀನ್ ಬಂದರೂ ಹಿಂದೆ ಮುಂದೆ ತಿರುಗಿಸಿ ನೋಡುವ ಚಾಳಿ ನನಗೆ ಅಂಟಿಕೊಂಡಿದೆ. ಪೆಟ್ಟಿಗೆಯಲ್ಲಿ ಬಂದ ಈ ಟ್ಯೂಬಿನ ಬಾಲದಲ್ಲಿ, ಯಂತ್ರ ಕಚ್ಚಿ ಮುಚ್ಚಿದ ಆ ಚಪ್ಪಟೆ ಅಂಚಿನಲ್ಲಿ, ಶಾಯಿಯೇ ಇಲ್ಲದೆ ಒತ್ತಿದ ಅಂಕಿಗಳಿದ್ದವು. ಮೊಬೈಲ್ ಟಾರ್ಚು ಹಾಕಿ, ಟ್ಯೂಬನ್ನು ಅಡ್ಡಡ್ಡ ವಾಲಿಸಿದರೆ ಮಾತ್ರ ನೆರಳಿನಲ್ಲಿ ಕಾಣುತ್ತವೆ. ಮೊದಲು ವರ್ಷ, ಆಮೇಲೆ ತಿಂಗಳು, ಆಮೇಲೆ ದಿನ. ದಿನಾಂಕ ತೀರಾ ಇತ್ತೀಚಿನದಾಗಿತ್ತು. ಪರವಾಗಿಲ್ಲ, ತಾಜಾ ಸರಕು ಎಂದುಕೊಂಡು ಇನ್ನೇನು ಕೆಳಗಿಡಬೇಕು, ಅಂಕಿಗಳ ಪಕ್ಕದಲ್ಲಿ ಎರಡು ಕೊರಿಯನ್ ಅಕ್ಷರ ಕಂಡವು. ಹುಡುಕಿ ನೋಡಿದೆ. 'ಜೇಜೋ' ಎಂದಿದ್ದರೆ ತಯಾರಾದ ದಿನ. 'ಕಾಜಿ' ಎಂದಿದ್ದರೆ ಆ ದಿನದವರೆಗೆ ಮಾತ್ರ ಬಳಸಬಹುದು. ನನ್ನ ಟ್ಯೂಬಿನ ಮೇಲಿದ್ದದ್ದು ಕಾಜಿ. ಇನ್ನು ಮೂರೇ ವಾರ.

ಅಂದು ರಾತ್ರಿ ಕಪಾಟನ್ನೆಲ್ಲ ನೆಲಕ್ಕೆ ಸುರಿದುಕೊಂಡು ಟಾರ್ಚು ಹಿಡಿದು ಕೂತೆ. ಎರಡೂವರೆ ವರ್ಷ ನಾನು ಸರಕು ಹುಟ್ಟಿದ ದಿನ ಎಂದುಕೊಂಡದ್ದರಲ್ಲಿ ಅರ್ಧಕ್ಕರ್ಧ ಸಾಯುವ ದಿನವಾಗಿತ್ತು. ಒಂದು ವಿಟಮಿನ್ ಸಿ ಸೀರಮ್ಮಿನ ಪೆಟ್ಟಿಗೆ ಒಡೆದರೆ ಒಳಗಿನ ದ್ರವ ತುಕ್ಕಿನ ಬಣ್ಣಕ್ಕೆ ತಿರುಗಿತ್ತು. ಗಾಳಿ, ಬೆಳಕು, ಶಾಖ ತಗುಲಿ ಆಸ್ಕಾರ್ಬಿಕ್ ಆಮ್ಲ, ಎಂದರೆ ವಿಟಮಿನ್ ಸಿ, ಕೆಟ್ಟರೆ ಹಳದಿಯಾಗಿ, ಆಮೇಲೆ ಕಂದಾಗುತ್ತದೆ. ನಾನದನ್ನು ತೆರೆದೂ ಇರಲಿಲ್ಲ. ಅಂದರೆ ಅದು ನನ್ನ ಮನೆಗೆ ಬರುವ ಮೊದಲೇ ಯಾವ ಗೋದಾಮಿನಲ್ಲಿ ಎಷ್ಟು ಬೇಸಿಗೆ ಕಳೆದಿತ್ತೋ! ದೂರು ಕೊಟ್ಟೆ. 'ಪ್ರಿಯ ಸುಂದರಿ' ಎಂದು ಶುರುವಾದ ಉತ್ತರ ಬಂತು. ರವಾನೆಯಾದ ದಿನ ಎಲ್ಲ ಉತ್ಪನ್ನಗಳೂ ಅವಧಿಯೊಳಗೇ ಇದ್ದವಂತೆ. ರವಾನೆಯಾದ ದಿನ ನಾನು ಹಚ್ಚಿಕೊಳ್ಳುವುದು ಹೇಗೆ, ಕೈ ಚಾಚಿ ಕೊರಿಯಾದ ಇಂಚಿಯಾನ್ ಬಂದರಿನಲ್ಲೇ?

ಆಗ ಅರ್ಥವಾಯಿತು, ಇಷ್ಟು ದಿನ ಇವರು ಅಚ್ಚರಿ ಅಚ್ಚರಿ ಎಂದು ಜಪಿಸುತ್ತಿದ್ದದ್ದು ಏನೆಂದು. ಒಳಗೇನಿದೆ ಎಂದು ಹೇಳಿದ್ದರೆ ನಾನು ಕೊಳ್ಳುತ್ತಿರಲಿಲ್ಲ. ಆದ್ದರಿಂದ ಹೇಳುವುದಿಲ್ಲ. ಯಾರೂ ಕೊಳ್ಳದೆ ಉಳಿದದ್ದನ್ನು ತಳ್ಳುವ ಕೆಲಸಕ್ಕೆ ಗುಲಾಬಿ ಕಾಗದ ಸುತ್ತಿ ಅಚ್ಚರಿ ಎಂದು ಹೆಸರಿಟ್ಟಿದ್ದಾರೆ, ಆ ತಳ್ಳುಗಾಡಿಯ ಬಾಡಿಗೆಯನ್ನು ತಿಂಗಳು ತಿಂಗಳು ನಾನೇ ಕಟ್ಟಿದ್ದೇನೆ.

ಬಣ್ಣದ ಕತೆ ಹೇಳದಿದ್ದರೆ ನನ್ನ ಹೊಟ್ಟೆಯುರಿ ತಣಿಯುವುದಿಲ್ಲ. ಸೇರುವಾಗ ಒಂದು ಅರ್ಜಿ ತುಂಬಿಸಿಕೊಂಡಿದ್ದರು. ಚರ್ಮ ಒಣಕಲೋ ಜಿಡ್ಡೋ, ಮೊಡವೆ ಉಂಟೋ, ಮೈಬಣ್ಣ ಯಾವುದು. ಆರು ವೃತ್ತಗಳಲ್ಲಿ ನಾನು ಐದನೆಯದನ್ನು ಒತ್ತಿದ್ದೆ, ಕಪ್ಪಿಗೆ ಒಂದೇ ಹೆಜ್ಜೆ ಹಿಂದೆ. ಕೊರಿಯಾದಲ್ಲಿ ಫೌಂಡೇಷನ್ ಎಂದರೆ ಬಹುಕಾಲ ಮುಖ್ಯವಾಗಿ ಎರಡೇ ಸಂಖ್ಯೆ: ಬೆಳ್ಳಗಿನವರಿಗೆ 21, ತುಸು ಕಡಿಮೆ ಬೆಳ್ಳಗಿನವರಿಗೆ 23. ಅವರಿಗಿಂತಲೂ ಬಿಳುಪಾದವರಿಗೆ 13. ನನಗೆ ಎಷ್ಟನೇ ನಂಬರು ಬಂತು ಹೇಳಿ ನೋಡೋಣ? 21. ಮೂರು ತಿಂಗಳ ನಂತರ ಮತ್ತೆ 21. ಆಮೇಲೆ 'ಈ ಬಾರಿ ನಿಮ್ಮ ವಿವರಗಳನ್ನು ನೋಡಿ ಆರಿಸಿದ್ದೇವೆ' ಎಂಬ ಚೀಟಿಯ ಸಮೇತ ಮತ್ತೊಂದು 21. ಹಚ್ಚಿಕೊಂಡು ಕನ್ನಡಿಯ ಮುಂದೆ ನಿಂತೆ. ಕುತ್ತಿಗೆಯಿಂದ ಮೇಲೆ ಹೊಸದಾಗಿ ಸುಣ್ಣ ಹೊಡೆದ ಗೋಡೆ, ಕೆಳಗೆ ನಾನು. ನಡುವೆ ಗಡಿಗೆರೆ. ಬರೆದು ಕೇಳಿದ್ದಕ್ಕೆ ಸುಂದರಿಗೆ ಸಿಕ್ಕ ಸಲಹೆ: ಕುತ್ತಿಗೆಗೂ ಹಚ್ಚಿ. ಕೈಗೂ ಹಚ್ಚಲೇ? ಕಾಲಿಗೆ? ಒಂದು ಕುಷನ್ನಿನಲ್ಲಿ ಇರುವುದು 15 ಗ್ರಾಂ.

ಬೇರೆ ಬಣ್ಣ ಕೊರಿಯಾದಲ್ಲಿ ಸಿಗುವುದಿಲ್ಲ ಎನ್ನುವ ನೆಪವೂ ಈಗ ನಡೆಯುವುದಿಲ್ಲ. 2024ರಲ್ಲಿ ಟಿರ್‌ಟಿರ್ ಎಂಬ ಕೊರಿಯನ್ ಬ್ರ್ಯಾಂಡು ತನ್ನ ಕುಷನ್ನಿನ ಬಣ್ಣಗಳನ್ನು 30ಕ್ಕೆ, ಆಮೇಲೆ 40ಕ್ಕೆ ಏರಿಸಿತು. ಮಾಡುವ ಮನಸ್ಸಿದ್ದವರು ಮಾಡಿದರು. ನಮ್ಮ ಪೆಟ್ಟಿಗೆಯವರು ಇನ್ನೊಂದು ದಾರಿ ಹಿಡಿದರು. ಮುಂದಿನ ಪೆಟ್ಟಿಗೆಯಲ್ಲಿ 'ಮಿಬೆಕ್' ಕ್ರೀಮು ಬಂತು, ಎಂದರೆ ಚರ್ಮ ಬೆಳ್ಳಗಾಗಿಸುವ ಕ್ರೀಮು. ಬಣ್ಣ ನನಗೆ ಹೊಂದಲಿಲ್ಲವಲ್ಲ, ಇನ್ನು ನಾನೇ ಬಣ್ಣಕ್ಕೆ ಹೊಂದಿಕೊಳ್ಳಬೇಕು ಎಂದು. ಅಂದು ನಾನು ನಕ್ಕುಬಿಟ್ಟೆ. ಈಗ ನೆನೆದರೆ ನಗು ಬರುವುದಿಲ್ಲ.

ಅಂಚೆಯ ಗೋಳು ಎಲ್ಲರಿಗೂ ಗೊತ್ತಿರುವುದೇ. ಪೆಟ್ಟಿಗೆ ಎಲ್ಲಿದೆ ಎಂದು ನೋಡಲು ಕೆಆರ್ ಎಂದು ಮುಗಿಯುವ ಸಂಖ್ಯೆ ಕೊಡುತ್ತಾರೆ, ಪೆಟ್ಟಿಗೆ ಇಂಚಿಯಾನ್‌ನಲ್ಲಿ ಹನ್ನೊಂದು ದಿನ ತಪಸ್ಸು ಮಾಡುತ್ತದೆ. ಒಡೆದು ಬಂದರೆ ದುಡ್ಡು ವಾಪಸ್ಸಿಲ್ಲ, ಪಾಯಿಂಟು. ಪಾಯಿಂಟಿನ ಆಯಸ್ಸು ಮೂವತ್ತು ದಿನ, ಅದನ್ನು ಖರ್ಚು ಮಾಡಲು ಇನ್ನೊಂದು ಪೆಟ್ಟಿಗೆ ಕೊಳ್ಳಬೇಕು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಎಷ್ಟು ತಿಂಗಳು ತೊಳೆದೆನೋ.

ಹಾಗೆಂದು ಕೊರಿಯಾದ ಸರಕೇ ಕೆಟ್ಟದ್ದು ಎಂದು ಯಾರೂ ಹಾರಾಡಬೇಡಿ. ಅವರ ಸನ್‌ಸ್ಕ್ರೀನ್ ಮುಖದ ಮೇಲೆ ಕೂತದ್ದೇ ಗೊತ್ತಾಗುವುದಿಲ್ಲ. ಅವರು ಸಿಕಾ ಎಂದು ಕರೆಯುವ ಕ್ರೀಮು ನನ್ನ ಕೆಂಪಾದ ಕೆನ್ನೆಯನ್ನು ಎಷ್ಟೋ ಬಾರಿ ಉಳಿಸಿದೆ. ಆ ಸಿಕಾ ಬೇರೇನೂ ಅಲ್ಲ, ಒಂದೆಲಗ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಅದೇ ಗಿಡ ಕೊಳವೆಯೊಳಗೆ ಸೇರಿ ಹೊಸ ಹೆಸರಿಟ್ಟುಕೊಂಡು ಬಂದ ಮೇಲೆ ನಾನೂ ದುಡ್ಡು ಕೊಟ್ಟು ಕೊಂಡವಳೇ, ಮುಂದೆಯೂ ಕೊಳ್ಳುತ್ತೇನೆ. ಒಂದೇ ಒಂದು ಟ್ಯೂಬು, ದಿನಾಂಕ ಓದಿ. ಜಗಳ ಇರುವುದು ನಡುವೆ ಕೂತು ನನ್ನ ಪರವಾಗಿ ಆರಿಸುತ್ತೇನೆಂದು ಮಾತು ಕೊಟ್ಟವರ ಜೊತೆ.

ರದ್ದು ಮಾಡುವ ಗುಂಡಿಯನ್ನು ಹುಡುಕಲು ನನಗೆ ಇಪ್ಪತ್ತು ನಿಮಿಷ ಹಿಡಿಯಿತು. ಸೇರುವ ಗುಂಡಿ ಹೆಬ್ಬೆರಳಿನಷ್ಟು ದೊಡ್ಡದು, ಬಿಡುವ ಗುಂಡಿ ಬೂದು ಬಣ್ಣದ ಮೇಲೆ ಬೂದು ಅಕ್ಷರ. ಒತ್ತಿದರೆ ಅಳುವ ಮೊಲದ ಚಿತ್ರ ಬಂತು. ಯಾಕೆ ಬಿಡುತ್ತಿದ್ದೀರಿ ಎಂದು ಕೇಳಿ ನಾಲ್ಕು ಕಾರಣ ಕೊಟ್ಟಿದ್ದರು: ದುಬಾರಿಯಾಯಿತು, ಸಮಯವಿಲ್ಲ, ಈಗಾಗಲೇ ತುಂಬಾ ಸುಂದರವಾಗಿದ್ದೇನೆ, ಇತರೆ. ಮೂರನೆಯದನ್ನು ಬರೆದವರು ಎದುರಿಗೆ ಸಿಕ್ಕರೆ ಒಂದು ನಮಸ್ಕಾರ ಹೇಳುತ್ತೇನೆ. ನಾನು ಇತರೆ ಒತ್ತಿ, ಮೇಲೆ ಬರೆದದ್ದನ್ನೆಲ್ಲ ಅಲ್ಲಿಯೂ ಬರೆದೆ. ಇನ್ನೂರು ಅಕ್ಷರ ಮೀರಿತೆಂದು ಸ್ವೀಕರಿಸಲಿಲ್ಲ. '21' ಎಂದಷ್ಟೇ ಬರೆದು ಕಳಿಸಿದೆ.

ಇವತ್ತು ಬೆಳಿಗ್ಗೆ ಮೊಬೈಲಿಗೆ ಸಂದೇಶ ಬಂದಿದೆ. ರದ್ದತಿ ಮುಂದಿನ ತಿಂಗಳಿಂದ ಜಾರಿಯಂತೆ, ಈ ತಿಂಗಳ ಹಣ ಮೊದಲೇ ಕಡಿತವಾಗಿದೆಯಂತೆ, ನನ್ನ ಕೊನೆಯ ಪೆಟ್ಟಿಗೆ ಇಂಚಿಯಾನ್ ತಲುಪಿದೆಯಂತೆ. ಈ ಬಾರಿ ಒಳಗೇನಿದೆ ಎಂಬುದನ್ನು ಮುಚ್ಚಿಟ್ಟಿಲ್ಲ, ಹೆಸರಿನಲ್ಲೇ ಹೇಳಿದ್ದಾರೆ: 'ಬಸವನಹುಳು ವಿಶೇಷ'.