ಅದಕ್ಕೊಂದು ಅರ್ಥ ಇದೆ ಭಾವ!

ನಮ್ಮ ಮನೆಯಲ್ಲಿ ಈಗ ಬಾಯ್ತಪ್ಪಿ ಒಂದು ಮಾತು ಆಡುವ ಹಾಗಿಲ್ಲ, ಬೀಗದ ಕೈ ಎಲ್ಲಿಟ್ಟೆ ಅಂತ ತಡಕಾಡುವ ಹಾಗಿಲ್ಲ, ಬೆಳಿಗ್ಗೆ ಎದ್ದು ‘ಏನೋ ಕನಸು ಬಿತ್ತು’ ಅನ್ನುವ ಹಾಗಂತೂ ಇಲ್ಲವೇ ಇಲ್ಲ. ಕಾರಣ ನನ್ನ ಹೆಂಡತಿಯ ತಮ್ಮ. ಹೋದ ವರ್ಷ ಅವನಿಗೆ ಸಿರಿಧಾನ್ಯದ ಹುಚ್ಚು ಹಿಡಿದಿತ್ತು. ನವಣೆ ಉಪ್ಪಿಟ್ಟು ತಿಂದು, ಚೆನ್ನಾಗಿದೆ ಅಂತ ಸುಳ್ಳು ಹೇಳಿ ಬಚಾವಾದೆವು. ಈ ವರ್ಷ ಅವನ ಕೈಗೆ ಫ್ರಾಯ್ಡ್ ಸಿಕ್ಕಿದ್ದಾನೆ, ರೋಗಿಯನ್ನು ಮಾತಾಡಿಸಿ ಒಳಮನಸ್ಸನ್ನು ಕೆದಕುವ ಮನೋವಿಶ್ಲೇಷಣೆಯನ್ನು ಬೆಳೆಸಿದ ವಿಯೆನ್ನಾದ ಡಾಕ್ಟರು. ಮೆಟ್ರೋದಲ್ಲಿ ಆಫೀಸಿಗೆ ಹೋಗಿ ಬರುವಾಗ ಕೇಳಿದ ಪಾಡ್‌ಕಾಸ್ಟುಗಳ ಬಲದ ಮೇಲೆ ಇಡೀ ಬಳಗದ ಸುಪ್ತ ಮನಸ್ಸಿಗೆ ಕೈ ಹಾಕಿದ್ದಾನೆ.

ನಿನ್ನೆಯದನ್ನೇ ತಗೊಳ್ಳಿ. ಭಾನುವಾರ ಮಧ್ಯಾಹ್ನ, ಬಿಸಿಬೇಳೆಬಾತ್ ಉಂಡು ಕಣ್ಣೆಳೆಯುತ್ತಿದ್ದ ಹೊತ್ತು. ಬೆಲ್ ಆಯಿತು. ನೆಂಟರು. ಬಾಗಿಲು ತೆಗೆದು ‘ಬನ್ನಿ ಬನ್ನಿ’ ಅನ್ನಬೇಕಾದ ನನ್ನ ಬಾಯಿ ‘ಸರಿ, ಹೋಗಿ ಬನ್ನಿ’ ಅಂದುಬಿಟ್ಟಿತು. ಅವರು ನಕ್ಕರು, ಚಪ್ಪಲಿ ಬಿಟ್ಟು ಒಳಗೆ ಬಂದರು. ವಿಷಯ ಅಲ್ಲಿಗೆ ಮುಗಿಯಬೇಕಿತ್ತು. ಸೋಫಾದ ಮೂಲೆಯಿಂದ ಇವನು ಎಲ್ಲರಿಗೂ ಕೇಳುವ ಹಾಗೆ, “ಅದಕ್ಕೊಂದು ಅರ್ಥ ಇದೆ ಭಾವ!” ಅಂದ.

ಅರ್ಥ ಇಲ್ಲದೆ ಏನು? ನೆಂಟರಿಗೂ ಗೊತ್ತಾಗಿತ್ತು, ಅದಕ್ಕೇ ನಕ್ಕಿದ್ದು. ಗೊತ್ತಾಗಿಯೂ ಗೊತ್ತಾಗದವರ ಹಾಗೆ ಕಾಫಿ ಕುಡಿದು ಹೋಗುವುದಕ್ಕೇ ತಾನೇ ಸಂಸಾರ ಅನ್ನುವುದು?

ಇವನ ಕಾಟ ಶುರುವಾದ ಮೇಲೆ ಹಟಕ್ಕೆ ಬಿದ್ದು ನಾನೂ ಒಂದಿಷ್ಟು ಓದಿದ್ದೇನೆ. ಬಾಯ್ತಪ್ಪು, ಮರೆವುಗಳ ಬಗ್ಗೆ ಫ್ರಾಯ್ಡ್ 1901ರಲ್ಲಿ ಬರೆದದ್ದರಲ್ಲಿ ನನ್ನ ಅಣ್ಣನಂಥವನೊಬ್ಬ ಸಿಗುತ್ತಾನೆ. ಆಸ್ಟ್ರಿಯಾ ಸಂಸತ್ತಿನ ಕೆಳಮನೆಯ ಅಧ್ಯಕ್ಷ. ಸಭೆ ಶುರು ಮಾಡಬೇಕಾದವನು, ಕೋರಂ ಇದೆ ಅಂತ ನೋಡಿಕೊಂಡು ಗಂಭೀರವಾಗಿ ‘ಸಭೆ ಮುಕ್ತಾಯವಾಯಿತು’ ಎಂದು ಘೋಷಿಸಿದನಂತೆ! ಆ ಅಧಿವೇಶನದಿಂದ ಅವನಿಗೆ ಒಳ್ಳೆಯದೇನೂ ಕಂಡಿರಲಿಲ್ಲ, ಬೇಗ ಮುಗಿದರೆ ಸಾಕಾಗಿತ್ತು, ಆ ಆಸೆ ನಾಲಿಗೆಗೆ ಇಳಿದುಬಂತು ಎಂಬುದು ಫ್ರಾಯ್ಡ್ ಹೇಳುವ ವಿವರಣೆ. ಆ ಅಧ್ಯಕ್ಷನ ಮೇಲೆ ನನಗೆ ಅಪಾರ ಗೌರವ.

ಒಂದು ಮಾತು ಹೇಳಲೇಬೇಕು. ಫ್ರಾಯ್ಡ್ ಮಹಾಶಯ ಮೊದಲು ತನ್ನ ಮರೆವನ್ನೇ ಬಯಲಿಗಿಟ್ಟವನು. ಇಟಲಿಯ ಓರ್ವಿಯೆಟೊದ ಭಿತ್ತಿಚಿತ್ರ ಬರೆದ ಸಿನ್ಯೊರೆಲ್ಲಿಯ ಹೆಸರು ಅವನಿಗೆ ಜಪ್ಪಯ್ಯ ಅಂದರೂ ನೆನಪಾಗಲಿಲ್ಲ, ಬದಲಿಗೆ ಬೊಟ್ಟಿಚೆಲ್ಲಿ, ಬೊಲ್ಟ್ರಾಫಿಯೊ ಅಂತ ಬೇರೆ ಚಿತ್ರಕಾರರೇ ನುಗ್ಗಿದರು. ಯಾಕೆ ಹೀಗೆ ಅಂತ ತನ್ನನ್ನೇ ಕೆದಕಿಕೊಂಡು 1898ರಲ್ಲಿ ಲೇಖನ ಬರೆದ. ನಮ್ಮವನು ನನ್ನಿಂದ ಸಾಲ ತಗೊಂಡು ಮರೆತದ್ದಕ್ಕೆ ಮಾತ್ರ ಯಾವ ಅರ್ಥವೂ ಇಲ್ಲವಂತೆ. ಕೆಲಸದ ಒತ್ತಡವಂತೆ.

ನೆಂಟರು ಹೋದ ಮೇಲೆ, “ಭಾವ, ಒಂದ್ಹತ್ತು ನಿಮಿಷ ದಿವಾನ್ ಮೇಲೆ ಮಲಗಿ, ನೋಡೇಬಿಡೋಣ” ಅಂದ. ಫ್ರಾಯ್ಡ್ ರೋಗಿಗಳನ್ನು ಮಲಗಿಸುತ್ತಿದ್ದ, ವಿಯೆನ್ನಾದ ಬೆರ್ಗಾಸೆ 19ರ ಅವನ ಮನೆಯಲ್ಲಿದ್ದ ಆ ಪ್ರಸಿದ್ಧ ಮಂಚ, ರೋಗಿಯೊಬ್ಬಳು ಕೃತಜ್ಞತೆಯಿಂದ ಕೊಟ್ಟದ್ದು. ಅದರ ಮೇಲೆ ಪರ್ಷಿಯಾದ ರತ್ನಗಂಬಳಿ. ನಮ್ಮ ದಿವಾನ್ ಮೇಲೆ ಇಸ್ತ್ರಿಗೆ ಕೊಡಬೇಕಾದ ಬಟ್ಟೆಯ ಗುಡ್ಡ. ಅದನ್ನು ಸರಿಸಿ ಮಲಗಿದೆ. ದಿನಕ್ಕೆ ಎಂಟು ಗಂಟೆ ಯಾರಾದರೂ ಮುಖ ದಿಟ್ಟಿಸುವುದನ್ನು ತಾಳಲಾರೆ ಅಂತ ಫ್ರಾಯ್ಡ್ ರೋಗಿಯ ತಲೆಯ ಹಿಂದೆ ಕೂರುತ್ತಿದ್ದ. ಇವನೂ ಹಿಂದೆ ಕೂತ. ಅಲ್ಲಿಂದ ಟಿವಿಯಲ್ಲಿ ಸ್ಕೋರು ಕಾಣುತ್ತಿತ್ತು.

“ಮನಸ್ಸಿಗೆ ಬಂದದ್ದನ್ನೆಲ್ಲ ಹೇಳಿ. ಇದು ಸರಿ, ಅದು ತಪ್ಪು ಅಂತ ಸೋಸಬೇಡಿ.”

“ಫ್ಯಾನಿನ ರೆಕ್ಕೆ ಮೇಲೆ ಧೂಳು ಕೂತಿದೆ.”

“ಧೂಳು! ಅಂದ್ರೆ ಅದುಮಿಟ್ಟದ್ದು. ಚಿಕ್ಕಂದಿನಲ್ಲಿ ಅಮ್ಮ ತುಂಬಾ ಬೈತಿದ್ರಾ?”

“ಯಾರಮ್ಮ ಬೈದಿಲ್ಲ ಹೇಳು?”

“ಅದೇ! ಮತ್ತೆ ಅಪ್ಪ?”

ಅಪ್ಪ ಅಂದಕೂಡಲೇ ಯಾಕೋ ಬಚ್ಚಲಮನೆ ಕಣ್ಣಿಗೆ ಕಟ್ಟಿತು. ಭಾನುವಾರ ಹಂಡೆಯ ಹೊಗೆ, ತಲೆಗೆ ಹರಳೆಣ್ಣೆ, ಆಮೇಲೆ ಸೀಗೇಪುಡಿ. ಅಪ್ಪನ ಕೈ ಒರಟು, ಆದರೆ ಕಣ್ಣಿಗೆ ಪುಡಿ ಬೀಳದಂತೆ ಹಣೆಯ ಮೇಲೆ ಇನ್ನೊಂದು ಅಂಗೈಯನ್ನು ಅಡ್ಡ ಇಡುತ್ತಿದ್ದರು. ಆ ಅಂಗೈ ನನಗೆ ಎಷ್ಟೋ ವರ್ಷದಿಂದ ನೆನಪಾಗಿರಲಿಲ್ಲ. “ಅಪ್ಪ ತಲೆಗೆ ನೀರು ಹಾಕುವಾಗ...” ಅಂತ ಶುರು ಮಾಡಿದೆ ನೋಡಿ.

“ಈಡಿಪಸ್!” ಅಂತ ಹಿಂದಿನಿಂದ ಕೂಗಿದ. ಅದೇ ಹೊತ್ತಿಗೆ ಟಿವಿಯಲ್ಲಿ ವಿಕೆಟ್ ಬಿದ್ದಿತ್ತು.

ಮುಂದಿನದು ಹೇಳಲು ನನಗೆ ಮನಸ್ಸಾಗಲಿಲ್ಲ. ಅವನು ಕೇಳಲೂ ಇಲ್ಲ. ಫ್ರಾಯ್ಡ್ ಈಡಿಪಸ್ ಹೆಸರಿನಲ್ಲಿ ಹೇಳಿದ, ಅಪ್ಪನ ಮೇಲೆ ಮಗನಿಗಿರುವ ಗುಪ್ತ ಮತ್ಸರದ ಕುರಿತು ಭಾಷಣ ಶುರುವಾಗಿತ್ತು. ಕಲ್ಕತ್ತದಲ್ಲಿ 1922ರಲ್ಲೇ ಮನೋವಿಶ್ಲೇಷಣೆಯ ಸಂಘ ಕಟ್ಟಿದ ಗಿರೀಂದ್ರಶೇಖರ ಬೋಸರು, ಈ ವಿಷಯದಲ್ಲಿ ನಮ್ಮ ರೋಗಿಗಳು ಯುರೋಪಿನವರ ಪಡಿಯಚ್ಚಲ್ಲ ಅಂತ ಫ್ರಾಯ್ಡ್‌ಗೇ ಕಾಗದ ಬರೆದಿದ್ದರು. ಅದನ್ನು ಹೇಳೋಣ ಅಂದರೆ ಸಂದು ಸಿಗಬೇಕಲ್ಲ!

ನನ್ನ ಸಿಟ್ಟಿರುವುದು ಇಲ್ಲೇ. ಈ ವಿದ್ಯೆ ಹುಟ್ಟಿದ್ದೇ ಒಬ್ಬ ಡಾಕ್ಟರು ಬಾಯಿ ಮುಚ್ಚಿಕೊಂಡು ಕೂತಿದ್ದರಿಂದ. 1880ರಿಂದ 82ರವರೆಗೆ ವಿಯೆನ್ನಾದ ಯೋಸೆಫ್ ಬ್ರಾಯರ್ ಬರ್ಥಾ ಪಾಪೆನ್‌ಹೈಮ್ ಎಂಬ ಹುಡುಗಿಯ ಮನೆಗೆ ಹೋಗಿ ಕೂತು ಅವಳು ಹೇಳಿದ್ದನ್ನೆಲ್ಲ ಕೇಳಿದ. ಒಂದು ಬೇಸಿಗೆಯಲ್ಲಿ ಅವಳಿಗೆ ವಿಪರೀತ ಬಾಯಾರಿಕೆ, ಆದರೆ ಲೋಟ ತುಟಿಗೆ ತಾಗಿದರೆ ತಳ್ಳಿಬಿಡುತ್ತಿದ್ದಳು. ಕಡೆಗೆ ಅರೆಪ್ರಜ್ಞೆಯಲ್ಲಿ ಕಾರಣ ಹೊರಬಂತು. ಮನೆಯಲ್ಲಿದ್ದ ಇಂಗ್ಲಿಷ್ ಹೆಂಗಸಿನ ನಾಯಿ ಲೋಟದಿಂದ ನೀರು ಕುಡಿದದ್ದನ್ನು ನೋಡಿದ್ದಳು, ಮರ್ಯಾದೆಗೆ ಅಂಜಿ ಸುಮ್ಮನಿದ್ದಳು. ಆ ಸಿಟ್ಟನ್ನೆಲ್ಲ ಕಾರಿಕೊಂಡು ಮುಗಿಸಿ ನೀರು ಕೇಳಿ ಗಟಗಟ ಕುಡಿದಳು. ಇದಕ್ಕೆ ‘ಮಾತಿನ ಮದ್ದು’ ಅಂತ ಹೆಸರಿಟ್ಟವಳೂ ಅವಳೇ, ತಮಾಷೆಗೆ ‘ಚಿಮಣಿ ಗುಡಿಸೋದು’ ಅನ್ನುತ್ತಿದ್ದಳು. ಅಷ್ಟಕ್ಕೇ ಅವಳಿಗೆ ಪೂರ್ತಿ ವಾಸಿಯಾಗಲಿಲ್ಲ, ಆಮೇಲೂ ಆಸ್ಪತ್ರೆ ಸೇರಬೇಕಾಯಿತು ಎಂಬುದನ್ನು ನಮ್ಮವನ ಪಾಡ್‌ಕಾಸ್ಟು ಹೇಳಿದಂತಿಲ್ಲ.

ಫ್ರಾಯ್ಡ್‌ಗೂ ಮೊದಮೊದಲು ಬಾಯಿ ಮುಚ್ಚಲು ಬರುತ್ತಿರಲಿಲ್ಲ. ಬ್ರಾಯರ್ ಜೊತೆ 1895ರಲ್ಲಿ ತಂದ ಪುಸ್ತಕದಲ್ಲಿ ಅವನೇ ಬರೆದುಕೊಂಡಿದ್ದಾನೆ. ಎಮ್ಮಿ ಎಂಬ ರೋಗಿ ಸಿಡುಕಿ, ಅದೆಲ್ಲಿಂದ ಬಂತು ಇದೆಲ್ಲಿಂದ ಬಂತು ಅಂತ ಕೇಳ್ತಾ ಇರಬೇಡಿ, ನಾನು ಹೇಳೋದನ್ನ ಹೇಳಲು ಬಿಡಿ ಎಂದಳಂತೆ. ಅವನು ಬಿಟ್ಟ. ಪುಣ್ಯಾತ್ಮ.

“ನನಗೆ ಹಾಗೆಲ್ಲ ಏನೂ ಇಲ್ಲ ಕಣೋ” ಅಂದೆ. “ಇದನ್ನೇ ಪ್ರತಿರೋಧ ಅನ್ನೋದು ಭಾವ.” ಸರಿ, ಇದೆ ಅಂತಲೇ ಇಟ್ಟುಕೋ ಅಂದೆ. “ನೋಡಿದ್ರಾ, ಒಪ್ಕೊಂಡ್ರಿ!” ಹೂಂ ಅಂದರೂ ವೈದ್ಯನೇ ಗೆದ್ದ, ಊಹೂಂ ಅಂದರೂ ವೈದ್ಯನೇ ಗೆದ್ದ ಎಂಬ ಈ ದೂರು ಹಳೆಯದು. 1937ರಲ್ಲಿ ಫ್ರಾಯ್ಡ್ ಕೂತು ಇದಕ್ಕೆ ಉತ್ತರ ಬರೆಯಬೇಕಾಯಿತು. ನನ್ನ ಹೆಂಡತಿ ಅಡುಗೆಮನೆಯಿಂದಲೇ, “ಅಂವ ಹೇಳಿದ್ದಕ್ಕೆ ಸುಮ್ನೆ ತಲೆ ಅಲ್ಲಾಡಿಸ್ರೀ, ಟ್ರಾಫಿಕ್ ಜಾಸ್ತಿ ಆಗೋ ಮುಂಚೆ ಹೊರಡ್ತಾನೆ” ಅಂದಳು.

ಹೊರಟ. ರಾತ್ರಿ ನೋಡಿದರೆ ಅವನ ಲ್ಯಾಪ್‌ಟಾಪ್ ಚಾರ್ಜರ್ ಇಲ್ಲೇ ಪ್ಲಗ್ಗಿನಲ್ಲಿ ನೇತಾಡುತ್ತಿದೆ. ಯಾರ ಮನೆಯಲ್ಲಾದರೂ ವಸ್ತು ಮರೆತು ಬಂದರೆ ಅಲ್ಲಿಗೆ ಮತ್ತೆ ಹೋಗುವ ಆಸೆ ಒಳಗಿದೆ ಅಂತಲೇ ಲೆಕ್ಕ. ಇದು ಅವನೇ ನನಗೆ ಕಲಿಸಿದ ಪಾಠ. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವುದನ್ನೇ ಕಾದಿದ್ದು ಕೊರಿಯರ್ ಮಾಡಿ ಬಂದೆ. ಇದೇ ಊರೊಳಗೆ, ಎಕ್ಸ್‌ಪ್ರೆಸ್ ರೇಟು ಕೊಟ್ಟು.