‘ಓ’ ಅಕ್ಷರಕ್ಕೆ ಸಿಕ್ಕ ದಾನಿ ನನಗೆ ಸಿಗಲಿಲ್ಲ

ಮೊನ್ನೆ ನಡುರಾತ್ರಿ, ನನ್ನ ಕಿರುಚಿತ್ರಕ್ಕೆಂದು ಜಾಲತಾಣವೊಂದರಲ್ಲಿ ನಡೆಸಿದ ದೇಣಿಗೆ ಸಂಗ್ರಹದ ಗಡುವು ಮುಗಿಯಿತು. ಬೇಕಿದ್ದದ್ದು 9,000 ಡಾಲರ್, ಬಂದದ್ದು 1,310. ಗುರಿ ಮುಟ್ಟದಿದ್ದರೆ ಬಿಡಿಗಾಸೂ ಕೈಗೆ ಬಾರದು ಎಂಬುದು ಆ ಜಾಲತಾಣದ ನಿಯಮ. ಊರಿನಿಂದ ಚಿಕ್ಕಮ್ಮ ಮಗನ ಕಾರ್ಡಿನಲ್ಲಿ ಹಾಕಿಸಿದ್ದ ಐವತ್ತು ಡಾಲರ್ ಕೂಡ ಬಂದ ದಾರಿಯಲ್ಲೇ ವಾಪಸ್.

ನನ್ನ ಕಥೆ ಇಷ್ಟೇ. 1923ರಲ್ಲಿ ಲಾಸ್ ಏಂಜಲೀಸಿನ ಗುಡ್ಡದ ಮೇಲೆ ಸೈಟು ಮಾರುವವರು ‘ಹಾಲಿವುಡ್‌ಲ್ಯಾಂಡ್’ ಎಂದು ಹದಿಮೂರು ಇಂಗ್ಲಿಷ್ ಅಕ್ಷರಗಳ ಫಲಕ ನಿಲ್ಲಿಸಿದರು. ಹೌದು, ಜಗತ್ತೆಲ್ಲ ಫೋಟೊ ತೆಗೆಸಿಕೊಳ್ಳುವ ಆ ‘ಹಾಲಿವುಡ್’ ಫಲಕ ಹುಟ್ಟಿದ್ದು ಬಡಾವಣೆಯ ಜಾಹೀರಾತಾಗಿ. ಅದಕ್ಕೆ ಸುಮಾರು 4,000 ಬಲ್ಬು. ‘ಎಲ್’ ಅಕ್ಷರದ ಹಿಂದಿನ ಗುಡಿಸಲಿನಲ್ಲಿದ್ದ ಕಾವಲುಗಾರ ಸುಟ್ಟುಹೋದ ಬಲ್ಬುಗಳನ್ನು ಬದಲಿಸುತ್ತಿದ್ದ. ಅವನ ಒಂದು ರಾತ್ರಿ, ಹನ್ನೆರಡು ನಿಮಿಷ.

ಕೇಳಿದವರೆಲ್ಲ ಆಹಾ ಎಂದರು. ಲಾಸ್ ಏಂಜಲೀಸ್ ಪಕ್ಕದ ಬರ್ಬ್ಯಾಂಕಿನ ನಿರ್ಮಾಪಕನೊಬ್ಬ ನಲವತ್ತು ನಿಮಿಷ ಕಾಯಿಸಿ, ಚಿತ್ರಕಥೆಯ ಮೇಲೆ ಕಾಫಿ ಲೋಟ ಕುಕ್ಕಿ, “1932ರಲ್ಲಿ ‘ಎಚ್’ ಮೇಲಿಂದ ಹಾರಿ ಸತ್ತಳಲ್ಲ ಆ ನಟಿ, ಅವಳ ಕಥೆ ಮಾಡು” ಎಂದ. ಮೊದಲ ಪುಟದಲ್ಲಿ ಕಂದು ಉಂಗುರ ಉಳಿಯಿತು. ಪಾಪ, ಆ ಹೆಣ್ಣುಮಗಳನ್ನು ಈ ಊರು ಸತ್ತ ಮೇಲೂ ಬಿಟ್ಟಿಲ್ಲ.

ನಮ್ಮವರೇನು ಕಡಿಮೆಯೇ? ಯುಗಾದಿ ಊಟದಲ್ಲಿ ಹಿರಿಯರೊಬ್ಬರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ, “ಕನ್ನಡ ಚಿತ್ರವಾಗಿದ್ದರೆ ಕೊಡಬಹುದಿತ್ತಪ್ಪ” ಎಂದರು. ಹೋದ ವರ್ಷ ಕನ್ನಡ ಚಿತ್ರಕ್ಕೇ ಕೈಚಾಚಿದಾಗ “ಇಲ್ಲಿ ಅದನ್ನು ಯಾರು ನೋಡುತ್ತಾರೆ?” ಎಂದದ್ದೂ ಇದೇ ಬಾಯಿ! ಇನ್ನು ಮೊಬೈಲಿನಲ್ಲೇ ತೆಗೆದುಬಿಡು ಎನ್ನುವ ಗೆಳೆಯರು. ಅನುಮತಿ, ವಿಮೆ, ನಟನ ಊಟ, ಇವನ್ನೂ ಮೊಬೈಲೇ ಕೊಡುತ್ತದೆಯೇ?

ಹೊಟ್ಟೆ ಉರಿಯುವುದು ಇದಕ್ಕೆ: ಆ ಫಲಕ ಜೀರ್ಣವಾಗಿ ಬೀಳತೊಡಗಿದಾಗ, 1978ರಲ್ಲಿ, ಅಕ್ಷರವೊಂದಕ್ಕೆ ಸುಮಾರು 28,000 ಡಾಲರ್‌ನಂತೆ ಕೊಟ್ಟು ಹೊಸದನ್ನು ನಿಲ್ಲಿಸಲು ದಾನಿಗಳು ಸಿಕ್ಕರು. ರಾಕ್ ಗಾಯಕ ಆಲಿಸ್ ಕೂಪರ್ ಒಂದು ‘ಓ’ ಅಕ್ಷರದ ಖರ್ಚು ವಹಿಸಿಕೊಂಡ. ಒಂದು ‘ಓ’! ಆ ದುಡ್ಡಿನಲ್ಲಿ ನನ್ನ ಚಿತ್ರವನ್ನು ಮೂರು ಸಲ ತೆಗೆಯಬಹುದಿತ್ತು. ಅಕ್ಷರಕ್ಕಾದರೆ ದುಡ್ಡು ಹುಟ್ಟುತ್ತದೆ, ಅದರ ಹಿಂದೆ ಗುಡಿಸಲಿನಲ್ಲಿ ಮಲಗಿದವನಿಗೆ ಇಲ್ಲ.

ಚಿತ್ರೀಕರಣಕ್ಕೆಂದು ಮುಂಚೆಯೇ ಕೊಂಡಿದ್ದ ಹಳೆಯ ಮರದ ಏಣಿ ಈಗ ಅಡುಗೆಮನೆಯಲ್ಲಿ ಫ್ರಿಜ್ಜಿನ ಬಾಗಿಲಿಗೆ ಅಡ್ಡ ನಿಂತಿದೆ. ಯಾರಿಗಾದರೂ ಬೇಕಿದ್ದರೆ ಅರ್ಧ ಬೆಲೆಗೆ ಕೊಡುತ್ತೇನೆ. ಸಲಹೆ ಮಾತ್ರ ತರಬೇಡಿ, ಮನೆಯಲ್ಲಿ ಜಾಗವಿಲ್ಲ.