ಸತ್ಯಾಂಶ: ಬಿದ್ದಾಗ ಬಿರುಕು ಬಿಟ್ಟ ಹೆಲ್ಮೆಟ್ ಕಳಪೆಯೇ?

“ಬಿದ್ದಾಗ ಬಿರುಕು ಬಿಟ್ಟರೆ ಸೈಕಲ್ ಹೆಲ್ಮೆಟ್ ಕಳಪೆ, ಕಲ್ಲಿನಂಥದ್ದೇ ಕೊಳ್ಳಿ” ಎನ್ನುವ ಮೆಸೇಜು ನಿಮಗೂ ಬಂದಿರಬಹುದು. ವಿಷಯ ಉಲ್ಟಾ.

ಮೌಂಟನ್ ಬೈಕ್ (ಗುಡ್ಡಗಾಡಿನ ಸೈಕಲ್) ಹೆಲ್ಮೆಟ್ಟಿನ ಒಳಗೆ ಸಾಮಾನ್ಯವಾಗಿ ಇರುವುದು ಥರ್ಮಾಕೋಲ್ ಜಾತಿಯ ಫೋಮ್. ತಲೆ ನೆಲಕ್ಕೆ ಬಡಿದಾಗ ಅದು ಜಜ್ಜಿಹೋಗಿ ಪೆಟ್ಟನ್ನು ತಾನು ನುಂಗಬೇಕು. ಬಿರುಕೂ ಬಿಡಬಹುದು. ಅದು ಜಜ್ಜದಿದ್ದರೆ ಪೆಟ್ಟು ಹೋಗುವುದು ಮಿದುಳಿಗೆ, ಅಲ್ವಾ? ಒಮ್ಮೆ ಜಜ್ಜಿದ ಫೋಮ್ ಮೊದಲಿನಂತೆ ಆಗುವುದಿಲ್ಲ. ಜೋರಾಗಿ ಬಿದ್ದ ಮೇಲೆ, ಹೊರಗೆ ಏನೂ ಕಾಣದಿದ್ದರೂ ಬದಲಿಸಿ. (ಹೊಟ್ಟೆ ಉರಿಯುತ್ತೆ, ಗೊತ್ತು.)

ಅಂಗಡಿಯಲ್ಲಿ ಸುಮ್ನೆ ಕುಟ್ಟಿ ನೋಡಬೇಡಿ. ಒಳಗಡೆ ಇಎನ್ 1078ರಂಥ (ಸೈಕಲ್ ಹೆಲ್ಮೆಟ್ಟಿಗೆ ಯುರೋಪಿನ ಸುರಕ್ಷತಾ ಮಾನದಂಡ) ಗುರುತು ಹುಡುಕಿ. ಹೆಲ್ಮೆಟ್ಟಿನ ಅಂಚು ಹುಬ್ಬಿನಿಂದ ಎರಡು ಬೆರಳು ಮೇಲಿರಲಿ. ಪಟ್ಟಿ ಬಿಚ್ಚಿ ತಲೆ ಅಲ್ಲಾಡಿಸಿ. ಜಾರಿದರೆ ಸೈಜು ದೊಡ್ಡದು. “ಬೆಳೀತಾನೆ ಬಿಡು” ಎಂದು ಮಗನಿಗೆ ಒಂದು ಸೈಜು ಜಾಸ್ತಿ ತರುವುದಂತೂ ಬೇಡ.